ಮನೆ ಅವಳದು, ಗಡಿ ಯಾರದು?



ಹೆಂಗಸರೇ ಆಳುವ ಸಮಾಜ ಎಂದ ಕೂಡಲೇ ನಮ್ಮವರಿಗೆ ನೆನಪಾಗುವವಳು ಪ್ರಮೀಳೆ. ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಅವಳ ಕಥೆ ಬರುತ್ತದೆ. ಯಕ್ಷಗಾನದಲ್ಲಿ ನೋಡಿದವರೂ ಬಹಳ ಮಂದಿ ಇರಬಹುದು. ಧರ್ಮರಾಯನ ಯಾಗದ ಕುದುರೆ ಸ್ತ್ರೀರಾಜ್ಯಕ್ಕೆ ಕಾಲಿಡುತ್ತದೆ. ಪ್ರಮೀಳೆ ಅದನ್ನು ಕಟ್ಟಿಹಾಕುತ್ತಾಳೆ. ಬಿಡಿಸಿಕೊಳ್ಳಲು ಅರ್ಜುನ ಬರುತ್ತಾನೆ. ಕೊನೆಗೆ ಮದುವೆ. ಅಲ್ಲಿಗೆ ಮಂಗಳ. ಆಮೇಲೆ ಅವಳ ರಾಜ್ಯ ಏನಾಯಿತು ಎಂದು ಯಾರೂ ಕೇಳುವುದಿಲ್ಲ. ಹೆಣ್ಣಿನ ರಾಜ್ಯದ ಕಥೆಯನ್ನು ಗಂಡಸರು ಕಟ್ಟಿದರೆ ಅದು ಮದುವೆಯಲ್ಲೇ ಮುಗಿಯಬೇಕಲ್ಲ!

ಅದು ಕಥೆ. ಇವತ್ತು ನಾನು ಹೇಳಹೊರಟಿರುವುದು ನಿಜವಾಗಿ ನಡೆದುಬಂದ ಒಂದು ಏರ್ಪಾಡಿನ ವಿಷಯ. ನಮ್ಮ ಕರಾವಳಿಯಲ್ಲಿ, ತುಳುನಾಡಿನಲ್ಲಿ, ಅಜ್ಜಿಯಂದಿರ ಕಾಲದವರೆಗೂ ಇದ್ದದ್ದು. ಅದಕ್ಕೆ ಅಳಿಯಸಂತಾನ ಎಂದು ಹೆಸರು. ಅಳಿಯಕಟ್ಟು ಎಂದೂ ಹೇಳುತ್ತಾರೆ. ಇಲ್ಲಿ ಅಳಿಯ ಎಂದರೆ ಮಗಳ ಗಂಡನಲ್ಲ, ಸೋದರಿಯ ಮಗ. ಬಂಟರು, ಬಿಲ್ಲವರು, ಮೊಗವೀರರು, ತುಳುನಾಡಿನ ಜೈನ ಅರಸುಮನೆತನಗಳು, ಹೀಗೆ ಹಲವರು ಈ ಕಟ್ಟಿನಲ್ಲಿ ಬದುಕಿದವರು. ಅವರಲ್ಲಿ ಆಸ್ತಿ ತಾಯಿಯ ಕಡೆಯಿಂದ ಬರುತ್ತಿತ್ತು. ಬಳಿಯೂ, ಎಂದರೆ ಕುಲದ ಗುರುತೂ, ತಾಯಿಯ ಕಡೆಯದೇ.

ನನ್ನ ಪ್ರಶ್ನೆ ಒಂದೇ. ವಂಶ ಹೆಣ್ಣಿನ ಮೂಲಕ ಹರಿದರೆ ಅಧಿಕಾರವೂ ಹೆಣ್ಣಿನ ಕೈಗೆ ಬಂದಂತಾಯಿತೇ?

ಮೊದಲು ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ದೊಡ್ಡ ಗುತ್ತಿನ ಮನೆ, ಎಂದರೆ ಊರಿನ ಹಿರಿಯ ಜಮೀನುದಾರ ಮನೆತನದ ಮನೆ. ಎದುರಿಗೆ ಸಗಣಿ ಸಾರಿಸಿದ ಅಂಗಳ. ಅಂಗಳ ದಾಟಿದರೆ ಎತ್ತರದ ಚಾವಡಿ, ಮರದ ಕಂಬಗಳು. ಒಳಗೆ ಭತ್ತದ ಕಣಜ, ಅಕ್ಕಿಮುಡಿಗಳ ಸಾಲು. ಈ ಮನೆಯ ಕುಟುಂಬ ಎಂದರೆ ಯಾರು? ಅಜ್ಜಿ. ಅಜ್ಜಿಯ ಹೆಣ್ಣುಮಕ್ಕಳು, ಗಂಡುಮಕ್ಕಳು. ಹೆಣ್ಣುಮಕ್ಕಳ ಮಕ್ಕಳು. ಗಂಡುಮಕ್ಕಳ ಮಕ್ಕಳು? ಅವರು ಈ ಕುಟುಂಬದವರಲ್ಲ. ಅವರ ಕುಟುಂಬ ಅವರ ತಾಯಿಯ ಮನೆ. ಹೆಣ್ಣು ಮದುವೆಯಾಗಿ ಗಂಡನ ಮನೆಗೆ ಹೋಗುವುದಿತ್ತು. ಆದರೆ ಅವಳ ಹೆಸರು ತಾಯಿಮನೆಯ ಲೆಕ್ಕದಲ್ಲೇ ಉಳಿಯುತ್ತಿತ್ತು. ಗಂಡ ತೀರಿಕೊಂಡರೆ, ಅಥವಾ ಅವನೊಡನೆ ಸರಿಬಾರದೆ ಹೋದರೆ, ಅವಳು ತನ್ನ ಮನೆಗೆ ಬರುತ್ತಿದ್ದಳು. ಬರುವಾಗ ಅವಳು ನೆಂಟಳಲ್ಲ, ಹಕ್ಕುದಾರಳು. ಅವಳ ಮಕ್ಕಳೂ ಹಾಗೆಯೇ. ಮತ್ತೊಂದು ಮದುವೆಗೂ ದಾರಿ ಇತ್ತು. ಬುಡುಧಾರೆ ಎಂದು ಅದಕ್ಕೆ ಹೆಸರೇ ಇತ್ತು. ದೇಶದ ಎಷ್ಟೋ ಕಡೆ ವಿಧವೆಯ ತಲೆ ಬೋಳಿಸುತ್ತಿದ್ದ ಕಾಲದಲ್ಲಿ ಇದು ನಡೆಯುತ್ತಿತ್ತು ಎಂಬುದನ್ನು ಮರೆಯಬೇಡಿ.

ಈ ಕಟ್ಟಿನ ಎದೆಯಲ್ಲಿದ್ದ ಮಾತು ಇದು ಎಂದು ನನಗನಿಸುತ್ತದೆ: ಹೆಣ್ಣಿನ ನೆಲೆ ಅವಳ ಮದುವೆಯನ್ನು ನೆಚ್ಚಿಕೊಂಡಿರಬಾರದು. ಉಳಿದದ್ದೆಲ್ಲ ಇದರ ಬೆನ್ನಿಗೆ ಬಂದದ್ದು.

ಜಮೀನು ಒಡೆಯಬಾರದು ಎಂಬ ನಿಯಮವನ್ನೇ ನೋಡಿ. ಕರಾವಳಿಯ ಗದ್ದೆಗಳಲ್ಲಿ ಬೈಲು, ಮಜಲು, ಬೆಟ್ಟು ಎಂದು ಮೂರು ಬಗೆ. ತಗ್ಗಿನ ಬೈಲಿಗೆ ನೀರು ಹೆಚ್ಚು ಕಾಲ ನಿಲ್ಲುತ್ತದೆ. ಮೇಲಿನ ಬೆಟ್ಟಿಗೆ ಮಳೆಯೇ ಗತಿ. ಒಂದು ಮನೆಗೆ ಮೂರೂ ಬೇಕು. ತಲೆಮಾರಿಗೊಮ್ಮೆ ಪಾಲು ಮಾಡುತ್ತ ಹೋದರೆ ಒಬ್ಬರಿಗೆ ಬೈಲು, ಒಬ್ಬರಿಗೆ ಬರೀ ಬೆಟ್ಟು. ಹಾಗಾಗಿ ಜಮೀನು ಕುಟುಂಬದ್ದು, ಒಬ್ಬೊಬ್ಬರದಲ್ಲ. ಮನೆಯ ಹೆಣ್ಣಿಗೆ ತನ್ನ ಪಾಲು ಎಂದು ಕೇಳುವ ಪ್ರಮೇಯವೇ ಇರಲಿಲ್ಲ. ಉಣ್ಣುವ, ಇರುವ ಹಕ್ಕು ಹುಟ್ಟಿನಿಂದಲೇ ಇತ್ತು. ಗಂಡಿಗೂ ಇತ್ತು. ಅವನ ಹೆಂಡತಿ ಮಕ್ಕಳಿಗೆ ಮಾತ್ರ ಇರಲಿಲ್ಲ.

ಒಬ್ಬೊಬ್ಬ ಹೆಣ್ಣಿನಿಂದ ಕವಲೊಡೆದ ಶಾಖೆಗೆ ಕವರು ಎನ್ನುತ್ತಾರೆ. ಅವಳು, ಅವಳ ಮಕ್ಕಳು, ಮತ್ತೆ ಅವಳ ಹೆಣ್ಣುಮಕ್ಕಳ ಸಂತಾನ, ಇಷ್ಟು ಸೇರಿ ಒಂದು ಕವರು. 1949ರಲ್ಲಿ ಮದರಾಸು ಸರಕಾರ ಅಳಿಯಸಂತಾನ ಕಾನೂನು ತಂದಾಗ ಅದರಲ್ಲಿ ಎರಡು ಶಬ್ದ ಬಂದವು. ಒಂದು ಸಂತತಿ ಕವರು, ಇನ್ನೊಂದು ನಿಸ್ಸಂತತಿ ಕವರು. ಮಕ್ಕಳನ್ನು ಹೆರುವ ಪ್ರಾಯದ ಹೆಣ್ಣು ಇದ್ದರೆ ಅದು ಸಂತತಿ ಕವರು. ಆ ಪ್ರಾಯಕ್ಕೆ ಕಾನೂನು ಐವತ್ತರ ಗೆರೆ ಎಳೆದಿತ್ತು. ಅಂಥ ಹೆಣ್ಣು ಇಲ್ಲದಿದ್ದರೆ ನಿಸ್ಸಂತತಿ. ಈಗ ಕೇಳಿ. ಒಂದು ಕವರಿನಲ್ಲಿ ಐದು ಮಂದಿ ಗಟ್ಟಿಮುಟ್ಟಾದ ಗಂಡಸರಿದ್ದಾರೆ. ಐವರಿಗೂ ಮನೆ ತುಂಬ ಮಕ್ಕಳು. ಹೆಣ್ಣು ಮಾತ್ರ ಒಬ್ಬಳೂ ಇಲ್ಲ. ಕಾನೂನಿನ ಕಣ್ಣಿನಲ್ಲಿ ಅದು ಸಂತತಿ ಇಲ್ಲದ ಕವರು! ಪಾಲಾದಾಗ ಅವರಿಗೆ ಸಿಗುವುದು ಬದುಕಿರುವವರೆಗಿನ ಅನುಭೋಗ ಮಾತ್ರ. ಗಂಡು ಹುಟ್ಟಲಿಲ್ಲ ಎಂದು ಹರಕೆ ಹೊರುವ ದೇಶದಲ್ಲಿ, ಹೆಣ್ಣು ಹುಟ್ಟದಿದ್ದರೆ ಮನೆ ಮುಗಿಯಿತು ಎಂದು ಎಣಿಸಿದ ಒಂದು ಮೂಲೆಯೂ ಇತ್ತು.

ಇಲ್ಲಿಯವರೆಗಿನದನ್ನು ಒಮ್ಮೆ ನೆನಪಿಸಿಕೊಳ್ಳೋಣ. ಹೆಣ್ಣಿನ ನೆಲೆ ಮದುವೆಗೆ ಜೋತುಬಿದ್ದಿಲ್ಲ. ಭೂಮಿ ಒಡೆಯುವುದಿಲ್ಲ. ಮನೆ ಬೆಳೆಯುವುದು ಮಗಳಿಂದ. ಇದಿಷ್ಟೂ ಮನೆಯೊಳಗಿನ ಮಾತು. ಇನ್ನು ಚಾವಡಿಗೆ ಬರೋಣ. ನ್ಯಾಯ ತೀರ್ಮಾನವಾಗುವ, ಊರವರು ಸೇರುವ ಚಾವಡಿಯಲ್ಲಿ ಯಾರ ಮಾತು ನಡೆಯುತ್ತಿತ್ತು?

ಇದಕ್ಕೆ ತುಳುವರು ಹಾಡುವ ಕಥೆಯಾದ ಸಿರಿ ಪಾಡ್ದನಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ. ಕಥೆ ಹಲವರಿಗೆ ಪರಿಚಿತ. ಸಿರಿ ಸತ್ಯನಾಪುರದ ಬಿರ್ಮು ಆಳ್ವನ ಮೊಮ್ಮಗಳು. ಅವಳ ಗಂಡ ಕಾಂತು ಪೂಂಜ. ಸಿರಿ ಬಸುರಿ. ಬಯಕೆಯ ಶಾಸ್ತ್ರಕ್ಕೆ ಗಂಡ ಸೀರೆ ತರುತ್ತಾನೆ. ತರುವ ದಾರಿಯಲ್ಲಿ ಸಿದ್ದು ಎಂಬ ಸೂಳೆಯ ಮನೆಗೆ ಹೋಗುತ್ತಾನೆ. ಅವಳು ಆ ಸೀರೆಯನ್ನು ಉಟ್ಟು ಬಿಚ್ಚಿ ಕೊಡುತ್ತಾಳೆ. ಬಯಕೆಯ ದಿನ, ಬಂಧುಬಳಗದ ಎದುರಿಗೇ, ಸಿರಿ ಆ ಸೀರೆಯನ್ನು ಮುಟ್ಟುವುದಿಲ್ಲ. ನನಗೆ ಬೇಡ ಎನ್ನುತ್ತಾಳೆ. ಅವಳು ಅಳುವುದಿಲ್ಲ, ರಾದ್ಧಾಂತ ಮಾಡುವುದಿಲ್ಲ. ಒಂದು ಸೀರೆಯನ್ನು ಬೇಡ ಎನ್ನುತ್ತಾಳೆ, ಅಷ್ಟೇ. ಅಲ್ಲಿಂದ ಆ ಮದುವೆ ಬಿರುಕು ಬಿಡುತ್ತದೆ.

ಮುಂದೆ ಅಜ್ಜ ತೀರಿಕೊಳ್ಳುತ್ತಾನೆ. ಸತ್ಯನಾಪುರದ ಅರಮನೆ ಯಾರಿಗೆ ಎಂಬ ವ್ಯಾಜ್ಯ ಏಳುತ್ತದೆ. ಸಿರಿ ತನ್ನ ಹಕ್ಕು ಕೇಳುತ್ತಾಳೆ. ಪಂಚಾಯಿತಿಯಲ್ಲಿ ಕುಳಿತವರೆಲ್ಲ ಗಂಡಸರು. ಅವರು ಹಣಕ್ಕೆ ಮಾತು ಮಾರಿಕೊಳ್ಳುತ್ತಾರೆ. ತೀರ್ಪು ಸಿರಿಗೆ ವಿರುದ್ಧ. ಆಗ ಅವಳು ಶಾಪ ಕೊಟ್ಟು ಹೊರಡುತ್ತಾಳೆ. ಅರಮನೆ ಉರಿದುಹೋಗುತ್ತದೆ. ಆಮೇಲೆ ಗಂಡನನ್ನು ತಾನೇ ಬಿಡುತ್ತಾಳೆ, ಮುಂದೆ ಕೊಡ್ಸರಾಳ್ವನನ್ನು ಮದುವೆಯಾಗುತ್ತಾಳೆ.

ಕೇಳುಗರೇ, ಇಲ್ಲಿ ಒಂದು ಸೂಕ್ಷ್ಮ ಇದೆ. ಗಂಡನನ್ನು ಬಿಡಲು ಸಿರಿಗೆ ಯಾರ ಅಪ್ಪಣೆಯೂ ಬೇಕಾಗಲಿಲ್ಲ. ಮತ್ತೆ ಮದುವೆಯಾಗಲೂ ಅಡ್ಡಿಯಿರಲಿಲ್ಲ. ಆದರೆ ಮನೆಯ ಹಕ್ಕಿನ ನ್ಯಾಯ ಮಾತ್ರ ಗಂಡಸರ ಪಂಚಾಯಿತಿಯಲ್ಲಿ ಸಿಕ್ಕಿಕೊಂಡಿತು. ಅಲ್ಲಿ ಶಾಪ ಬಿಟ್ಟರೆ ಅವಳ ಕೈಯಲ್ಲಿ ಬೇರೆ ಆಯುಧ ಇರಲಿಲ್ಲ. ಇಂದಿಗೂ ಕವತ್ತಾರು, ಹಿರಿಯಡ್ಕ ಮುಂತಾದ ಕಡೆ ಸಿರಿ ಜಾತ್ರೆಯ ರಾತ್ರಿ ನೂರಾರು ಹೆಂಗಸರು ಹಿಂಗಾರ ಹಿಡಿದು ಆವೇಶಕ್ಕೆ ಬರುತ್ತಾರೆ. ವರ್ಷವಿಡೀ ಬಾಯಿಬಿಡದವರು ಆ ರಾತ್ರಿ ಗಟ್ಟಿಯಾಗಿ ಮಾತಾಡುತ್ತಾರೆ. ಇಡೀ ಊರು ಕೇಳಿಸಿಕೊಳ್ಳುತ್ತದೆ.

ಅಳಿಯಕಟ್ಟಿಗೆ ಮೂಲ ಹೇಳುವ ಭೂತಾಳ ಪಾಂಡ್ಯನ ಐತಿಹ್ಯವೂ ಇದೇ ದಾರಿ ಹಿಡಿಯುತ್ತದೆ. ಅರಸ ದೇವಪಾಂಡ್ಯನ ಹಡಗು ಕಡಲಿಗಿಳಿಯಬೇಕು. ಕುಂಡೋದರ ಎಂಬ ಭೂತ ನರಬಲಿ ಕೇಳುತ್ತದೆ. ಅರಸನ ಹೆಂಡತಿ ಮಕ್ಕಳನ್ನು ಕೊಡಲು ಒಪ್ಪುವುದಿಲ್ಲ. ತಂಗಿ ಸತ್ಯವತಿ ತನ್ನ ಮಗ ಜಯಪಾಂಡ್ಯನನ್ನು ಒಪ್ಪಿಸುತ್ತಾಳೆ. ಭೂತ ಮೆಚ್ಚಿ ಹುಡುಗನನ್ನು ಬಿಟ್ಟುಬಿಡುತ್ತದೆ. ಅರಸ ತನ್ನ ಮಕ್ಕಳನ್ನು ಬಿಟ್ಟು ಅಳಿಯನಿಗೆ ಪಟ್ಟ ಕಟ್ಟುತ್ತಾನೆ. ಅವನೇ ಬಾರಕೂರಿನಿಂದ ಆಳಿದ ಭೂತಾಳ ಪಾಂಡ್ಯ. ಇದನ್ನು ಇತಿಹಾಸ ಎಂದು ಓದಬೇಕಿಲ್ಲ. ಆದರೆ ಐತಿಹ್ಯ ಏನನ್ನು ನೆನಪಿಟ್ಟುಕೊಂಡಿದೆ ನೋಡಿ. ತ್ಯಾಗ ಮಾಡಿದವಳು ತಂಗಿ. ಪಟ್ಟ ಹೋದದ್ದು ಮಾವನಿಂದ ಅಳಿಯನಿಗೆ. ಗಂಡಸಿನಿಂದ ಗಂಡಸಿಗೆ. ಸತ್ಯವತಿಗೆ ಪಟ್ಟ ಕಟ್ಟುವ ಯೋಚನೆ ಕಥೆ ಕಟ್ಟಿದವರಿಗೂ ಬರಲಿಲ್ಲ.

ಹಾಗೆಂದು ಹೆಂಗಸು ಗದ್ದುಗೆ ಏರಲೇ ಇಲ್ಲವೇ? ಏರಿದಳು. ಉಳ್ಳಾಲದ ಅಬ್ಬಕ್ಕನ ಹೆಸರು ಎಲ್ಲರಿಗೂ ಗೊತ್ತು. ಅವಳು ಚೌಟ ಅರಸುಮನೆತನದವಳು. ಜೈನರು, ಅಳಿಯಕಟ್ಟಿನವರು. ಸೋದರಮಾವ ತಿರುಮಲರಾಯನ ನಂತರ ಪಟ್ಟ ಅವಳಿಗೆ ಬಂತು. ಮಂಗಳೂರಿನ ಬಂಗರಸನನ್ನು ಮದುವೆಯಾದರೂ ಅವಳು ಉಳ್ಳಾಲ ಬಿಟ್ಟು ಹೋಗಲಿಲ್ಲ. 16ನೇ ಶತಮಾನದಲ್ಲಿ ಪೋರ್ಚುಗೀಸರನ್ನು ಎದುರಿಸಿದ ಅವಳ ಸಾಹಸವನ್ನು ನೀವು ಎಷ್ಟೋ ಸಲ ಕೇಳಿದ್ದೀರಿ. ನಾನು ಹೇಳಬೇಕೆಂದಿರುವುದು ಬೇರೆ.

1623ರಲ್ಲಿ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಇಟಲಿಯ ಪ್ರವಾಸಿ ನಮ್ಮ ಕಡೆ ಬಂದಿದ್ದ. ಉಳ್ಳಾಲದ ಆಗಿನ ರಾಣಿಯನ್ನು ಕಾಣಬೇಕು ಎಂದು ಹೊರಟ. ಅವನ ಮನಸ್ಸಿನಲ್ಲಿ ಯುರೋಪಿನ ರಾಣಿಯರ ಚಿತ್ರ ಇದ್ದಿರಬೇಕು. ಅವನಿಗೆ ರಾಣಿ ಸಿಕ್ಕಿದ್ದು ಪೇಟೆಯ ಬೀದಿಯಲ್ಲಿ. ಬರಿಗಾಲಲ್ಲಿ ನಡೆದು ಬರುತ್ತಿದ್ದಳು. ಸೊಂಟಕ್ಕೆ ಒಂದು ದಪ್ಪ ಹತ್ತಿಯ ಬಟ್ಟೆ. ಮೈಬಣ್ಣ ಕಪ್ಪು, ಸ್ಥೂಲ ಶರೀರ, ಆದರೆ ಚುರುಕು ನಡಿಗೆ. ಪ್ರಾಯ ಸುಮಾರು ನಲವತ್ತು. ಎಲ್ಲಿಂದ ಬರುತ್ತಿದ್ದಾಳೆ? ಎಲ್ಲೋ ಕಾಲುವೆ ತೋಡಿಸುತ್ತಿದ್ದ ಕೆಲಸ ನೋಡಿಕೊಂಡು! ಹಗಲೆಲ್ಲ ಇಂಥ ಕೆಲಸ, ರಾತ್ರಿ ಅರಮನೆಯಲ್ಲಿ ಪ್ರಜೆಗಳ ದೂರು ದುಮ್ಮಾನ. ಗಂಡನಾದ ಬಂಗರಸನೊಡನೆ ವಿರಸವಾದಾಗ ಅವನು ಕೊಟ್ಟ ಒಡವೆಗಳನ್ನೆಲ್ಲ ತಿರುಗಿ ಕಳಿಸಿದ್ದಳು ಎಂಬುದನ್ನೂ ಪ್ರವಾಸಿ ಬರೆದಿಟ್ಟಿದ್ದಾನೆ. ಒಡವೆ ತಿರುಗಿಸಿದರೆ ಮದುವೆ ಮುಗಿದಂತೆ. ರಾಜ್ಯ ಅವಳದೇ ಆದ್ದರಿಂದ ಗಂಡನನ್ನು ಬಿಟ್ಟರೂ ಗದ್ದುಗೆ ಅಲುಗಲಿಲ್ಲ. ಸಿರಿಯ ಸೀರೆಯನ್ನೂ ಈ ರಾಣಿಯ ಒಡವೆಯನ್ನೂ ಪಕ್ಕಪಕ್ಕದಲ್ಲಿಟ್ಟರೆ ಇದು ಒಂದೇ ನಾಡಿನ ಕಥೆ ಎಂದು ತಿಳಿಯುತ್ತದೆ.

ಆದರೂ ಇಂಥ ರಾಣಿಯರು ಬೆರಳೆಣಿಕೆ. ಕಾನೂನಿನ ಪ್ರಕಾರ ಕುಟುಂಬದ ಹಿರಿಯರು ಗಂಡಾಗಲಿ ಹೆಣ್ಣಾಗಲಿ ಯಜಮಾನಿಕೆಗೆ ಅರ್ಹರು. ಗಂಡಾದರೆ ಯಜಮಾನ, ಹೆಣ್ಣಾದರೆ ಯಜಮಾನ್ತಿ. ಕೇರಳದ ಇಂಥದೇ ಕಟ್ಟಾದ ಮರುಮಕ್ಕತ್ತಾಯದಲ್ಲಿ ಮನೆಯ ಹಿರಿತನ ಹೊತ್ತ ಕಾರಣವರ್ ಸಾಮಾನ್ಯವಾಗಿ ಗಂಡಸೇ. ನಮ್ಮಲ್ಲಿ ಬಾಗಿಲು ಅಷ್ಟಾದರೂ ತೆರೆದಿತ್ತು. ರೂಢಿಯಲ್ಲಿ ಮಾತ್ರ ಚಾವಡಿಯಲ್ಲಿ ಕೂರುತ್ತಿದ್ದವನು ಸೋದರಮಾವ. ತುಳುವಿನಲ್ಲಿ ತಮ್ಮಲೆ. ಗೇಣಿ ವಸೂಲಿ ಅವನದು. ಕೋರ್ಟು ಕಚೇರಿ ಅವನದು. ಕಣಜದ ಬೀಗದಕೈಯೂ ಅವನ ಸೊಂಟದಲ್ಲಿ.

ಈ ಬೀಗದಕೈ ಮುಖ್ಯ. ಅದು ಹೆಂಗಸರ ಕೈಯಲ್ಲೇ ಇದ್ದ ಒಂದು ಸಮಾಜವನ್ನು ತೋರಿಸಲು ನಿಮ್ಮನ್ನು ಸ್ವಲ್ಪ ದೂರ ಕರೆದೊಯ್ಯುತ್ತೇನೆ. ಉತ್ತರ ಅಮೆರಿಕದಲ್ಲಿ, ಇಂದಿನ ನ್ಯೂಯಾರ್ಕ್ ರಾಜ್ಯದ ಸೀಮೆಯಲ್ಲಿ, ಬಿಳಿಯರು ಬರುವ ಮೊದಲಿನಿಂದಲೂ ಐದು ಮೂಲನಿವಾಸಿ ಜನಾಂಗಗಳ ಒಕ್ಕೂಟ ಇತ್ತು. ಆಮೇಲೆ ಆರಾಯಿತು. ಹೊರಗಿನವರು ಇರೊಕ್ವಾ ಎಂದರು. ತಮ್ಮನ್ನು ತಾವು ಅವರು ಹೋಡೆನೊಶೋನಿ ಎಂದು ಕರೆದುಕೊಳ್ಳುತ್ತಾರೆ. ಅವರಲ್ಲೂ ವಂಶ ತಾಯಿಯ ಕಡೆಯಿಂದ. ಮದುವೆಯಾದ ಗಂಡಸು ಹೆಂಡತಿಯ ಉದ್ದಮನೆಗೆ ಬಂದು ಇರುತ್ತಿದ್ದ. ಮೆಕ್ಕೆಜೋಳ, ಬೀನ್ಸು, ಕುಂಬಳ ಬೆಳೆಯುತ್ತಿದ್ದವರು ಹೆಂಗಸರು. ಬೆಳೆದದ್ದರ ದಾಸ್ತಾನೂ ಅವರ ಕೈಯಲ್ಲಿ.

ಅವರ ಮಹಾಸಭೆಯಲ್ಲಿ ಸುಮಾರು ಐವತ್ತು ಮುಖಂಡರು. ಎಲ್ಲರೂ ಗಂಡಸರೇ! ನಮ್ಮ ಚಾವಡಿಯಂತೆಯೇ ಆಯಿತಲ್ಲ ಎನ್ನಬೇಡಿ. ಆ ಮುಖಂಡನನ್ನು ಆರಿಸುತ್ತಿದ್ದವಳು ಅವನ ಕುಲದ ಹಿರಿಯಳು, ಕುಲಮಾತೆ. ಅವನು ತಪ್ಪಿ ನಡೆದರೆ ಎಚ್ಚರಿಸುತ್ತಿದ್ದವಳೂ ಅವಳೇ. ಮೂರು ಸಲ ಹೇಳಿದರೂ ಕೇಳದಿದ್ದರೆ ಕಿತ್ತುಹಾಕುತ್ತಿದ್ದಳು. ಪದವಿಯ ಗುರುತು ಜಿಂಕೆಯ ಕೊಂಬು. ಅಧಿಕಾರ ಹೋಗುವುದೆಂದರೆ ಕೊಂಬು ತೆಗೆಸಿಕೊಳ್ಳುವುದು. ಇನ್ನು ಯುದ್ಧಕ್ಕೆ ಹೊರಡುವವರಿಗೆ ಬುತ್ತಿ ಬೇಕಲ್ಲ? ಒಣಗಿಸಿದ ಜೋಳ ಹೆಂಗಸರ ದಾಸ್ತಾನಿನಿಂದಲೇ ಬರಬೇಕು. ಅವರು ಕೊಡದಿದ್ದರೆ ದಂಡು ಹೊರಡುವುದೇ ಕಷ್ಟ. ಸಭೆಯಲ್ಲಿ ಕೂರದೆಯೂ ಸಭೆಯನ್ನು ಹಿಡಿದಿಡುವ ಉಪಾಯ ಇದು. 1848ರಲ್ಲಿ ಅಮೆರಿಕದ ಬಿಳಿಯ ಹೆಂಗಸರು ಹಕ್ಕುಗಳಿಗಾಗಿ ಮೊದಲ ದೊಡ್ಡ ಸಮಾವೇಶ ನಡೆಸಿದ್ದು ಇದೇ ಸೀಮೆಯ ಸೆನೆಕಾ ಫಾಲ್ಸ್ ಎಂಬ ಊರಿನಲ್ಲಿ. ಆಗ ಅವರಿಗೆ ಮತದ ಹಕ್ಕಿರಲಿಲ್ಲ. ಮದುವೆಯಾದ ಹೆಣ್ಣಿನ ಸ್ವಂತ ಆಸ್ತಿಯನ್ನು ನ್ಯೂಯಾರ್ಕಿನ ಕಾನೂನು ಒಪ್ಪಿಕೊಂಡದ್ದೂ ಆ ವರ್ಷವೇ.

ಈಗ ಎರಡನ್ನೂ ಸೇರಿಸಿ ನೋಡೋಣ. ತುಳುನಾಡಿನಲ್ಲೂ ಇರೊಕ್ವಾ ಜನರಲ್ಲೂ ಮನೆ ಹೆಣ್ಣಿನದೇ. ಅಧಿಕಾರದ ಪೀಠದಲ್ಲಿ ಹೆಚ್ಚಾಗಿ ಗಂಡಸೇ. ವ್ಯತ್ಯಾಸ ಎಲ್ಲಿದೆ ಎಂದರೆ, ಅಲ್ಲಿ ಹೆಂಗಸರ ಕೈಯಲ್ಲಿ ದಾಸ್ತಾನು ಇತ್ತು, ಮುಖಂಡನನ್ನು ಇಳಿಸುವ ಹಕ್ಕಿತ್ತು. ನಮ್ಮಲ್ಲಿ ಮಾವ ಹಾದಿ ತಪ್ಪಿದರೆ ಅಕ್ಕತಂಗಿಯರು ಅವನ ಕೊಂಬು ತೆಗೆಸುವಂತಿರಲಿಲ್ಲ. ಸಿವಿಲ್ ಕೋರ್ಟಿಗೆ ಹೋಗಬೇಕಿತ್ತು. ಹಾಗೆ ಹೋದವರೂ ಕಡಿಮೆಯಲ್ಲ. ನಮ್ಮ ಮೊಗವೀರ ಹೆಂಗಸರ ಕಡೆಯೂ ಒಮ್ಮೆ ನೋಡಿ. ಗಂಡಸರು ಮೀನು ತಂದು ದಡಕ್ಕೆ ಹಾಕಿದರೆ, ಬುಟ್ಟಿ ಹೊತ್ತು ಮಾರಿ ಹಣ ಎಣಿಸುತ್ತಿದ್ದವರು ಇವರು. ಮೀನಿನ ಮಾರುಕಟ್ಟೆಯಲ್ಲಿ ಅವರ ಎದುರು ಚೌಕಾಸಿ ಮಾಡಿ ಗೆದ್ದವರು ಯಾರಾದರೂ ಇದ್ದರೆ ನನಗೆ ತಿಳಿಸಿ. ಗಂಟು ಸೊಂಟದಲ್ಲಿದ್ದರೆ ಮಾತಿಗೆ ಬರುವ ಬಲವೇ ಬೇರೆ.

ಮುಂದಿನ ಕಥೆಯನ್ನು ಬೇಗ ಮುಗಿಸುತ್ತೇನೆ. 20ನೇ ಶತಮಾನದ ಮೊದಲ ಭಾಗದಲ್ಲಿ ತುಳುನಾಡಿನ ಗಂಡಸರು ವಕೀಲರಾದರು, ನೌಕರಿ ಹಿಡಿದರು, ಬೊಂಬಾಯಿಗೆ ಹೋಗಿ ಹೋಟೆಲು ತೆರೆದರು. ಸ್ವಂತ ದುಡಿಮೆಯ ಹಣ ಕೈಗೆ ಬಂತು. ಅದು ಹೆಂಡತಿ ಮಕ್ಕಳಿಗೆ ಹೋಗದೆ ಅಕ್ಕತಂಗಿಯ ಮಕ್ಕಳಿಗೆ ಹೋಗುವುದೆಂದರೆ ಯಾವ ತಂದೆಗೆ ಹಿಡಿಸೀತು? ಆ ಸಂಕಟ ಸುಳ್ಳಲ್ಲ. ಒಂದು ಕಡೆ ಮಾವನ ದರ್ಬಾರು, ಇನ್ನೊಂದು ಕಡೆ ತಂದೆಯ ಮನೆಯಲ್ಲೇ ಬೆಳೆದರೂ ಅಲ್ಲಿ ಹಕ್ಕಿಲ್ಲದ ಮಕ್ಕಳು. 1949ರ ಕಾನೂನು ಕವರುಗಳಿಗೆ ಪಾಲು ಕೇಳುವ ಹಕ್ಕು ಕೊಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಕಾನೂನು ಬಂದ ಮೇಲೆ ಗಂಡಸಿನ ಪಾಲು ಅವನ ಹೆಂಡತಿ ಮಕ್ಕಳಿಗೆ ಹೋಗತೊಡಗಿತು. ದೇಶವೆಲ್ಲ ಇದನ್ನು ಹೆಣ್ಣುಮಕ್ಕಳಿಗೆ ಆಸ್ತಿ ಕೊಟ್ಟ ಕಾನೂನು ಎಂದು ಕೊಂಡಾಡಿತು. ಸರಿಯೇ. ತುಳುನಾಡಿನ ಲೆಕ್ಕ ಮಾತ್ರ ತಿರುಗುಮುರುಗು. ಇಲ್ಲಿ ಮನೆಯನ್ನು ಮುಂದುವರಿಸುವ ಹಕ್ಕೇ ಇದ್ದ ಮಗಳು, ಅಣ್ಣತಮ್ಮಂದಿರ ಜೊತೆ ಒಂದು ಪಾಲಿಗೆ ನಿಂತಳು. ಅವಳು ತಿರುಗಿ ಬರಬಹುದಾಗಿದ್ದ ಮನೆಯೂ ಮೆಲ್ಲಗೆ ಅಣ್ಣನ ಮನೆಯಾಯಿತು. ವರದಕ್ಷಿಣೆ ಎಂಬುದು ಕರಾವಳಿಯಲ್ಲಿ ಹೇಗೆ ಬೇರು ಬಿಟ್ಟಿತು ಎಂದು ಯೋಚಿಸುವವರು ಇದನ್ನೂ ಯೋಚಿಸಬೇಕು.

1974ರಲ್ಲಿ ಭೂಸುಧಾರಣೆ ಬಂತು. ಗೇಣಿದಾರರು ಡಿಕ್ಲರೇಷನ್ ಕೊಟ್ಟು ಉಳುವ ಭೂಮಿಗೆ ಒಡೆಯರಾದರು. ಅದು ನ್ಯಾಯವಾದ ಕೆಲಸ, ಎರಡು ಮಾತಿಲ್ಲ. ಗುತ್ತುಗಳ ದೊಡ್ಡ ಹಿಡುವಳಿ ಕರಗಿತು. ಆದರೆ ಡಿಕ್ಲರೇಷನ್ ಕೊಟ್ಟದ್ದು ಸಾಮಾನ್ಯವಾಗಿ ಮನೆಯ ಗಂಡಸು. ಕಾಗದದಲ್ಲಿ ಅವನ ಹೆಸರೇ ಬಂತು. ಕೆನಡಾದ ಇರೊಕ್ವಾ ಜನರಲ್ಲೂ ಹೀಗೆಯೇ ಆಯಿತು. 1924ರಲ್ಲಿ ಅಲ್ಲಿನ ಸರಕಾರ ಹಳೆಯ ಮಹಾಸಭೆಯನ್ನು ತೆಗೆದು ಚುನಾವಣೆಯ ಸಮಿತಿ ತಂದಿತು. ಪ್ರಜಾಪ್ರಭುತ್ವ ಎಂದಿತು. ಆ ಚುನಾವಣೆಯಲ್ಲಿ ಹೆಂಗಸರಿಗೆ ಮತ ಇರಲಿಲ್ಲ. ಮುಖಂಡರನ್ನು ಆರಿಸುತ್ತಿದ್ದ ಕುಲಮಾತೆಯರ ಮೊಮ್ಮಕ್ಕಳಿಗೆ ಮತದ ಹಕ್ಕು ಸಿಕ್ಕಿದ್ದು 1951ರಲ್ಲಿ.

ಅಳಿಯಸಂತಾನದಲ್ಲಿ ಇಂದು ಉಳಿದಿರುವುದು ಏನು? ಸಂಬಂಧ ನೋಡುವಾಗ ಬಂಟರ ಮನೆಯಲ್ಲಿ ಇಂದಿಗೂ ಬಳಿ ಯಾವುದು ಎಂದು ಕೇಳುತ್ತಾರೆ. ಅದು ತಾಯಿಯ ಬಳಿ. ಸರಕಾರಿ ಅರ್ಜಿಯಲ್ಲಿ ತಂದೆ ಅಥವಾ ಗಂಡನ ಹೆಸರು ಬರೆದವಳೂ ಇಲ್ಲಿ ತಾಯಿಯ ಲೆಕ್ಕವೇ ಹೇಳುತ್ತಾಳೆ. ಇನ್ನೊಂದು ಉಳಿಕೆ ಗಡಿ. ಗುತ್ತಿನ ಹಿರಿತನವನ್ನು ದೈವದ ಸಮ್ಮುಖದಲ್ಲಿ ಒಪ್ಪಿಸುವ ಶಾಸ್ತ್ರ ಅದು. ಗಡಿ ಹಿಡಿಯುವುದು ಎನ್ನುತ್ತಾರೆ. ಆಸ್ತಿ ಹೊಸ ಕಾನೂನಿನಂತೆ ಹಂಚಿಹೋದರೂ ಗಡಿ ಮಾತ್ರ ಹಳೆಯ ದಾರಿಯಲ್ಲೇ, ಮಾವನಿಂದ ಅಳಿಯನಿಗೆ ಹೋಗುತ್ತದೆ. ದೈವದ ಉತ್ಸವವಾದ ನೇಮದ ರಾತ್ರಿ ದೈವ ಅವನನ್ನು ಕರೆದು ಮಾತಾಡಿಸುತ್ತದೆ. ಯಾವ ತಾಯಿಯಿಂದಾಗಿ ಅವನಿಗೆ ಆ ಗಡಿ ಬಂತೋ ಅವಳು ಹೆಂಗಸರ ನಡುವೆ ನಿಂತು ನೋಡುತ್ತಾಳೆ.

ಅದೇ ಊರಿನ ಗ್ರಾಮ ಪಂಚಾಯಿತಿಯ ಕಟ್ಟಡಕ್ಕೆ ಹೋಗಿ. ಅಧ್ಯಕ್ಷರ ಕುರ್ಚಿಯಲ್ಲಿ ಅಂಥವಳೇ ಒಬ್ಬ ಹೆಂಗಸು ಕುಳಿತಿರಬಹುದು. ನಮ್ಮ ರಾಜ್ಯ 1987ರ ಮಂಡಲ ಪಂಚಾಯಿತಿ ಚುನಾವಣೆಯಲ್ಲೇ ಹೆಂಗಸರಿಗೆ ನಾಲ್ಕರಲ್ಲಿ ಒಂದು ಸ್ಥಾನ ಮೀಸಲಿಟ್ಟಿತ್ತು. ಈಗ ಅರ್ಧಕ್ಕೆ ಅರ್ಧ. ಅಲ್ಲಿ ಠರಾವಿಗೆ ಸಹಿ ಹಾಕುವವಳು ಅವಳು. ಬೀದಿದೀಪ, ನೀರಿನ ಪೈಪು, ತೋಡಿನ ಹೂಳು, ಎಲ್ಲದಕ್ಕೂ ಜನ ಅವಳ ಮನೆಯಂಗಳಕ್ಕೆ ಬರುತ್ತಾರೆ. ಆ ಅಂಗಳದ ಪಹಣಿ ಯಾರ ಹೆಸರಲ್ಲಿದೆ ಎಂಬುದನ್ನು ಮಾತ್ರ ತಾಲ್ಲೂಕು ಕಚೇರಿಯಲ್ಲಿ ಕೇಳಬೇಕು.